ಹರಿಗೋಲೋ, ಚಪ್ಪಟೆ ತಳದ ದೋಣಿಯೋ?

ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟ ಹತ್ತಿದರೆ ಕೆಳಗೆ ಲೋಕಪಾವನಿ, ಕಾವೇರಿ ಎರಡೂ ಕಾಣುತ್ತವೆ. ಈ ಸೀಮೆಯ ಹೊಳೆಗೆ ಹರಿಗೋಲೇ ಹಳೆಯ ವಾಹನ. ಬಿದಿರಿನ ಹೆಣಿಗೆ, ಹೊರಗೆ ಹಿಂದೆಲ್ಲ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಬಂಡೆಗೆ ತಾಗಿದರೆ ಒಡೆಯದೆ ಬಾಗುತ್ತದೆ. ಆದರೆ ಗಿರಗಿರನೆ ತಿರುಗುವ ಅದನ್ನು ನೆಟ್ಟಗೆ ನಡೆಸಲು ಪಳಗಿದ ಅಂಬಿಗನೇ ಬೇಕು.

ಅಲ್ಯೂಮಿನಿಯಂನ ಚಪ್ಪಟೆ ತಳದ ಪುಟ್ಟ ದೋಣಿಯದು ಬೇರೆಯೇ ಗುಣ. ಉಕ್ಕಿನಂತೆ ತುಕ್ಕು ಹಿಡಿಯದು, ಅದೇ ಗಾತ್ರದ ಉಕ್ಕಿನ ಸುಮಾರು ಮೂರನೇ ಒಂದು ಪಾಲು ತೂಕ. ವಿದ್ಯಾರ್ಥಿಗಳು ಇಲ್ಲಿ ಆರ್ಕಿಮಿಡೀಸನನ್ನು ನೆನೆಯಬಹುದು. ತಳ 3 ಮೀಟರ್ ಉದ್ದ, 1 ಮೀಟರ್ ಅಗಲವಿದ್ದರೆ ಪ್ರತಿ 30 ಕಿಲೋ ಭಾರಕ್ಕೆ ದೋಣಿ 1 ಸೆಂಟಿಮೀಟರ್ ಇಳಿಯುತ್ತದೆ. 60 ಕಿಲೋದ ನಾಲ್ವರು ಕುಳಿತರೆ ಇನ್ನು 8 ಸೆಂಟಿಮೀಟರ್, ಅಷ್ಟೆ! ಕೊಳ್ಳುವವರು ಉದ್ದಕ್ಕಿಂತ ಮೊದಲು ಅಗಲ ನೋಡುವುದು ಒಳ್ಳೆಯದು. ಅಗಲವಾದಷ್ಟೂ ಓಲಾಟ ಕಡಿಮೆ.

ಈ ನೆಮ್ಮದಿಯೇ ಮೋಸ ಮಾಡುವುದೂ ಉಂಟು. ಫೋಟೋಕ್ಕೆಂದು ಎದ್ದು ನಿಂತರೆ ಗುರುತ್ವಕೇಂದ್ರ ಮೇಲೇರುತ್ತದೆ. ಎಲ್ಲರೂ ಒಂದೇ ಬದಿಗೆ ವಾಲಿದರೆ ಮಗುಚಿತೆಂದೇ ಲೆಕ್ಕ. ಗಾಳಿ ಎದ್ದರೆ ಚಪ್ಪಟೆ ತಳ ಅಡ್ಡಡ್ಡ ಸರಿಯುತ್ತದೆ, ಅಲೆಗೆ ದಬದಬ ಬಡಿಯುತ್ತದೆ. ಹಿನ್ನೀರಿನ ವಿಸ್ತಾರದಲ್ಲಿ ತಳ ತುಸು ಮೊನಚಾದ ದೋಣಿಯೇ ವಾಸಿ. ಕೆರೆಯ ನಿಂತ ನೀರಿಗೆ ಚಪ್ಪಟೆಯದು, ಬಂಡೆಗಳ ನಡುವಿನ ಹರಿವಿಗೆ ಅಂಬಿಗನಿರುವ ಹರಿಗೋಲು.

ಯಾವುದಕ್ಕೆ ಹತ್ತಿಸಿದರೂ ಪೋಷಕರು ಮಗುವಿನ ಅಳತೆಯ ಲೈಫ್ ಜಾಕೆಟ್ ಕೇಳಿ ಪಡೆಯಬೇಕು. ದೊಡ್ಡವರದು ನೀರಿನಲ್ಲಿ ತಲೆಯ ಮೇಲಿಂದ ಜಾರಿಹೋಗುತ್ತದೆ. ಕನ್ನಂಬಾಡಿಯಿಂದ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿವಿಹಾರವನ್ನೇ ನಿಲ್ಲಿಸುತ್ತಾರೆ.