ರಿಪೇರಿಗೆ ಕೊಟ್ಟದ್ದು ಕೆಟ್ಟು ಬಂದರೆ?

ಕಾರ್ಬ್ಯುರೇಟರ್ ಕ್ಲೀನ್ ಮಾಡಲು ಕೊಟ್ಟ ನನ್ನ ಬ್ರಷ್ ಕಟರ್, ಪಿಸ್ಟನ್ ಜಾಮ್ ಆಗಿ ವಾಪಸು ಬಂತು. ಈ ಟೂ ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲಿನ ಜತೆ ಆಯಿಲ್ ಬೆರೆಸಲೇಬೇಕು. ಅಂಗಡಿಯ ಹುಡುಗ ಬರೀ ಪೆಟ್ರೋಲ್ ಹಾಕಿ ಓಡಿಸಿದ್ದ. ಟ್ಯಾಂಕಿನಲ್ಲಿ ಉಳಿದದ್ದನ್ನು ಮಾಲೀಕರ ಎದುರೇ ಕಾಗದಕ್ಕೆ ಹಾಕಿ ಒಣಗಿಸಿದೆ. ಎಣ್ಣೆ ಕಲೆಯೇ ಉಳಿಯಲಿಲ್ಲ. 'ಹಳೇ ಮಿಷನ್ ಅಲ್ವಾ ಅಣ್ಣ, ನಾವು ಜವಾಬ್ದಾರರಲ್ಲ' ಎಂದು ಅವರು ಗೋಡೆಯ ಬೋರ್ಡು ತೋರಿಸಿದರು.

ಬೋರ್ಡು ತೂಗಿಸಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ವಹಿಸಿಕೊಂಡ ವಸ್ತುವನ್ನು ವಿವೇಕಿಯೊಬ್ಬ ತನ್ನದನ್ನು ನೋಡಿಕೊಳ್ಳುವಷ್ಟೇ ಜಾಗ್ರತೆಯಿಂದ ನೋಡಿಕೊಳ್ಳಬೇಕು ಎನ್ನುತ್ತದೆ 1872ರ ಕರಾರು ಕಾಯಿದೆಯ 151ನೇ ಕಲಂ. ಹಣ ಕೊಟ್ಟು ಮಾಡಿಸುವ ರಿಪೇರಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 'ಸೇವೆ'. ಅದರಲ್ಲಿ ಲೋಪವಾದರೆ ಪರಿಹಾರ ಕೇಳಬಹುದು.

ನಾನು ಹೊಸ ಮಿಷನ್ ಕೇಳಲಿಲ್ಲ. ನಾಲ್ಕು ವರ್ಷ ದುಡಿದ ಯಂತ್ರಕ್ಕೆ ಅದು ನ್ಯಾಯವೂ ಅಲ್ಲ. ಪಿಸ್ಟನ್, ಸಿಲಿಂಡರ್ ಬದಲಿಸುವ ಖರ್ಚು, ಹುಲ್ಲು ಹೆರೆಸಲು ತಂದ ಯಂತ್ರದ ಬಾಡಿಗೆ – ಇಷ್ಟನ್ನೇ ಲೆಕ್ಕ ಬರೆದು, 15 ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆ. ಹತ್ತನೇ ದಿನ ಫೋನು ಬಂತು. ಬಿಡಿಭಾಗ ಅವರೇ ಹಾಕಿಸಿಕೊಟ್ಟರು. ಬಾಡಿಗೆಯಲ್ಲಿ ಅರ್ಧ ನಾನು ಬಿಟ್ಟೆ. ನಾಳೆಯೂ ಅದೇ ಪೇಟೆಗೆ ಹೋಗಬೇಕಲ್ಲ!

ಒಪ್ಪದಿದ್ದರೆ? ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಆಮೇಲೆ ನಿಮ್ಮದೇ ಜಿಲ್ಲೆಯ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಿ. ವಕೀಲರು ಬೇಕೆಂದಿಲ್ಲ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಇದಕ್ಕೆಲ್ಲ ಆಧಾರ ಒಂದು ಚೀಟಿ. ಯಂತ್ರದ ನಂಬರು, ಏನು ತೊಂದರೆ, ಕೊಡುವಾಗ ಓಡುತ್ತಿತ್ತೇ, ತಾರೀಕು – ಇಷ್ಟು ಬರೆಸಿ, ಸಹಿ ಹಾಕಿಸಿ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕೆಟ್ಟು ಬಂದ ಯಂತ್ರವನ್ನು ಇತ್ಯರ್ಥವಾಗುವವರೆಗೆ ಬೇರೆ ಕಡೆ ಬಿಚ್ಚಿಸಬೇಡಿ.