ಚಿಕ್ಕ ವಿಮಾನಕ್ಕೆ ನಾಡಿನ ಎಣ್ಣೆ

ಅಂಗೈಯಲ್ಲಿ ಹಿಡಿಸುವ ಇಂಜಿನು, ಹಗುರವಾದ ಮರದ ರೆಕ್ಕೆ, ಪುಟ್ಟ ಡಬ್ಬಿಯಷ್ಟು ಇಂಧನ: ಇಂಥ ಮಾದರಿ ವಿಮಾನದ ವಿಷಯವು ಈ ಪುಟದಲ್ಲಿ ಚರ್ಚೆಗೆ ಅರ್ಹವೇ ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಅರ್ಹವೆಂದೇ ನಮ್ಮ ಅಭಿಪ್ರಾಯ. ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85 ಪಾಲಿಗಿಂತ ಹೆಚ್ಚನ್ನು ಹೊರನಾಡುಗಳಿಂದ ತರಿಸಿಕೊಳ್ಳುತ್ತಿರುವ ದೇಶವು ಇಂಧನದ ಪಾಠವನ್ನು ಎಲ್ಲಿಂದಾದರೂ ಆರಂಭಿಸಲೇಬೇಕು. ಚಿಕ್ಕ ಯಂತ್ರದಲ್ಲಿ ಆರಂಭಿಸಿದರೆ ಖರ್ಚೂ ಕಡಿಮೆ, ತಪ್ಪಿದಾಗ ಆಗುವ ನಷ್ಟವೂ ಕಡಿಮೆ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಹಬ್ಬಿರುವ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಈ ಪಾಠಕ್ಕೆ ಬೇಕಾದ ಸಾಧನಗಳೆಲ್ಲ ಇವೆ. ಅವುಗಳನ್ನು ಒಂದೆಡೆ ಕೂಡಿಸುವ ಕೆಲಸ ಆಗಬೇಕಾಗಿದೆ.

ಮೊದಲು ಆ ಡಬ್ಬಿಯಲ್ಲಿ ಏನಿರುತ್ತದೆ ಎಂಬುದನ್ನು ನೋಡೋಣ. ಮಾದರಿ ವಿಮಾನದ ಸಾಮಾನ್ಯ ಇಂಜಿನಿನಲ್ಲಿ ಪೆಟ್ರೋಲು ಉರಿಯುವುದಿಲ್ಲ. ಮೆಥನಾಲ್ ಎಂಬ ಮದ್ಯಸಾರ ಉರಿಯುತ್ತದೆ. ಇಂಜಿನಿನ ತಲೆಯಲ್ಲಿರುವ ಪ್ಲಾಟಿನಂ ತಂತಿಯ ಸುರುಳಿಯನ್ನು ಬ್ಯಾಟರಿಯಿಂದ ಒಮ್ಮೆ ಕಾಯಿಸಿದರೆ ಸಾಕು, ಬಳಿಕ ಮೆಥನಾಲಿನ ಆವಿಯೇ ಅದನ್ನು ಕೆಂಡವಾಗಿ ಇರಿಸುತ್ತದೆ. ಅಮೆರಿಕದ ರೇ ಆರ್ಡೆನ್ ಎಂಬುವರು 1947ರಲ್ಲಿ ಈ ಉಪಾಯವನ್ನು ಮಾರುಕಟ್ಟೆಗೆ ತಂದ ಮೇಲೆ ಲೋಕದ ಹವ್ಯಾಸಿಗಳೆಲ್ಲ ಅದನ್ನು ಹಿಡಿದರು. ಮೆಥನಾಲಿನೊಡನೆ ಜಾರುಕಕ್ಕಾಗಿ ಬೆರೆಸುವುದು ಹರಳೆಣ್ಣೆಯನ್ನು. ಅಂತಾರಾಷ್ಟ್ರೀಯ ವೇಗಸ್ಪರ್ಧೆಗಳಿಗೆ ಗೊತ್ತುಪಡಿಸಿದ ಇಂಧನವೆಂದರೆ 80 ಪಾಲು ಮೆಥನಾಲ್, 20 ಪಾಲು ಹರಳೆಣ್ಣೆ. ಹಸುಳೆಗಳ ನೆತ್ತಿಗೆ ನಮ್ಮ ಅಜ್ಜಿಯರು ತಟ್ಟುತ್ತಿದ್ದುದೂ, ಹೊಟ್ಟೆ ಕಟ್ಟಿದಾಗ ಮೂಗು ಹಿಡಿದು ಕುಡಿಸುತ್ತಿದ್ದುದೂ ಇದೇ ಎಣ್ಣೆಯನ್ನೇ.

ಎಣ್ಣೆಗಳು ಅನೇಕವಿರುವಾಗ ಇದೇ ಏಕೆ? ಹರಳೆಣ್ಣೆಯಲ್ಲಿ ನೂರಕ್ಕೆ 85ರಿಂದ 90 ಪಾಲು ರಿಸಿನೋಲಿಕ್ ಆಮ್ಲವಿದೆ. ಅದರ ರಚನೆಯ ವಿಶೇಷದಿಂದ ಈ ಎಣ್ಣೆಯು ಮದ್ಯಸಾರದಲ್ಲಿ ಕರಗುತ್ತದೆ. ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆಗಳು ಹಾಗೆ ಕರಗುವುದಿಲ್ಲ. ಪೆಟ್ರೋಲಿನಲ್ಲಾದರೋ ಇದು ಸುಲಭವಾಗಿ ಬೆರೆಯದು. ಮೊದಲನೆಯ ಮಹಾಯುದ್ಧದಲ್ಲಿ ತಿರುಗುವ ಸಿಲಿಂಡರುಗಳ ವಿಮಾನ ಇಂಜಿನುಗಳಿಗೆ ಹರಳೆಣ್ಣೆಯನ್ನೇ ಆರಿಸಿದ್ದಕ್ಕೆ ಕಾರಣವೂ ಇದೇ. ಪೆಟ್ರೋಲು ಅದನ್ನು ತೊಳೆದುಹಾಕುತ್ತಿರಲಿಲ್ಲ. ಹೊಗೆಯೊಡನೆ ಹೊರಬಿದ್ದ ಎಣ್ಣೆಯನ್ನು ಉಸಿರಾಡಿ ವೈಮಾನಿಕರ ಹೊಟ್ಟೆ ಕೆಡುತ್ತಿತ್ತೆಂದೂ ಹೇಳುವುದುಂಟು. ಕ್ಯಾಸ್ಟ್ರಾಲ್ ಎಂಬ ಪ್ರಸಿದ್ಧ ಹೆಸರು ಹುಟ್ಟಿದ್ದು ಹರಳಿನ ಇಂಗ್ಲಿಷ್ ಹೆಸರಿನಿಂದಲೇ. ಲೋಕದಲ್ಲಿ ಬೆಳೆಯುವ ಹರಳಿನ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಭಾರತದ್ದು. ಅದರಲ್ಲಿ ಸಿಂಹಪಾಲು ಗುಜರಾತಿನದಾದರೂ ನಮ್ಮ ಒಣಭೂಮಿಯ ಹೊಲಗಳ ಬದುಗಳಲ್ಲಿ ಹರಳು ಹೊಸದೇನಲ್ಲ. ಆದುದರಿಂದ ಡಬ್ಬಿಯ ಐದನೆಯ ಒಂದು ಪಾಲು ಈಗಾಗಲೇ ನಮ್ಮದು. ಉಳಿದ ನಾಲ್ಕು ಪಾಲಿನದೇ ಪ್ರಶ್ನೆ.

ಆ ನಾಲ್ಕು ಪಾಲೂ ಒಂದು ಕಾಲದಲ್ಲಿ ನಮ್ಮ ಕಾಡಿನಿಂದಲೇ ಬರುತ್ತಿತ್ತೆಂಬುದನ್ನು ಇಂದು ನೆನೆಯುವವರು ಕಡಿಮೆ. ಮೆಥನಾಲಿನ ಹಳೆಯ ಹೆಸರು ಕಾಷ್ಠ ಮದ್ಯಸಾರ. ಕಟ್ಟಿಗೆಯನ್ನು ಗಾಳಿ ತಾಗದಂತೆ ಮುಚ್ಚಿದ ಭಟ್ಟಿಯಲ್ಲಿ ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಹೊರಬರುವ ಹೊಗೆಯನ್ನು ತಣಿಸಿದರೆ ಟಾರು, ಅಸಿಟಿಕ್ ಆಮ್ಲ, ಮೆಥನಾಲ್ ದೊರೆಯುತ್ತವೆ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯ ಮೂಲ ಯೋಜನೆಯಲ್ಲಿಯೇ ಕಟ್ಟಿಗೆ ಭಟ್ಟಿಯಿಳಿಸುವ ಸ್ಥಾವರವೂ ಸೇರಿತ್ತು. ಕಬ್ಬಿಣ ಕರಗಿಸಲು ಇದ್ದಿಲು, ಹೊಗೆಯಿಂದ ಕಾಷ್ಠ ಮದ್ಯಸಾರ. ಸರ್ ಎಂ. ವಿಶ್ವೇಶ್ವರಯ್ಯನವರ ಆ ಕಾಲದ ಯೋಜನೆಗಳಲ್ಲಿ ಯಾವುದೂ ವ್ಯರ್ಥವಾಗಬಾರದೆಂಬ ಎಚ್ಚರ ಹೇಗಿತ್ತೆಂಬುದಕ್ಕೆ ಇದು ಸಾಕ್ಷಿ. ಆದರೆ ಅದು ಕಾಡನ್ನು ನುಂಗಿದ ವಿಧಾನವೂ ಹೌದು. ಅದನ್ನು ಹಾಗೆಯೇ ಮತ್ತೆ ಆರಂಭಿಸಬೇಕೆಂದು ನಾವು ಹೇಳುವುದಿಲ್ಲ. ಕಬ್ಬಿನ ಸಿಪ್ಪೆ, ತೆಂಗಿನ ಚಿಪ್ಪು, ಜೋಳದ ಬೆಂಡುಗಳಂಥ ಉಳಿಕೆಗಳನ್ನು ಅನಿಲವಾಗಿ ಮಾರ್ಪಡಿಸಿ ಆ ಅನಿಲದಿಂದ ಮೆಥನಾಲ್ ಕಟ್ಟುವ ದಾರಿ ಇಂದು ವಿಜ್ಞಾನಕ್ಕೆ ಗೊತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಷ್ಟು ಹಿಂದೆಯೇ ಕಟ್ಟಿಗೆಯ ಅನಿಲದಿಂದ ಇಂಜಿನು ನಡೆಸಿ ಊರಿಗೆ ದೀಪ ಕೊಟ್ಟರು. ಅನಿಲ ಮಾಡುವ ಮೊದಲ ಮೆಟ್ಟಿಲನ್ನು ನಾಡು ಆಗಲೇ ಹತ್ತಿದೆಯೆಂದಾಯಿತು.

ಇಂದಿನ ಸ್ಥಿತಿ ಬೇರೆ. ಈಗ ನಮ್ಮ ದೇಶದಲ್ಲಿ ಬಳಕೆಯಾಗುವ ಮೆಥನಾಲಿನ ಬಹುಭಾಗವು ನೈಸರ್ಗಿಕ ಅನಿಲದಿಂದ ತಯಾರಾಗಿ ಕಡಲಾಚೆಯಿಂದ ಬರುತ್ತದೆ. ಅದಕ್ಕಿಂತ ಗುರುತರವಾದ ಸಂಗತಿ ಇನ್ನೊಂದಿದೆ. ಮೆಥನಾಲ್ ಘೋರ ವಿಷ. ಸ್ವಲ್ಪ ಒಳಹೊಕ್ಕರೂ ಕಣ್ಣು ಹೋಗುತ್ತದೆ, ಹೆಚ್ಚಾದರೆ ಪ್ರಾಣವೇ ಹೋಗುತ್ತದೆ. ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಹಗಲಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದಿಲ್ಲ. 1981ರ ಜುಲೈಯಲ್ಲಿ ಇದೇ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿಯನ್ನು ಕುಡಿದು 300ಕ್ಕೂ ಹೆಚ್ಚು ಜನ, ಅವರಲ್ಲಿ ಬಹುಮಂದಿ ಬಡವರು, ಮಡಿದರು. ಅಂಥ ವಸ್ತುವನ್ನು ಹದಿನಾರು ಹದಿನೇಳು ವರ್ಷದ ಹುಡುಗರ ಕೈಗೆ ಕೊಟ್ಟು ಆಡಿರೆಂದು ಹೇಳುವಾಗ ಹಿರಿಯರಾದವರು ಎರಡು ಬಾರಿ ಯೋಚಿಸಬೇಕು. ನಾಡಿನ ಇಂಧನದ ವಿಚಾರವು ನಮಗೆ ಅಭಿಮಾನದ ಪ್ರಶ್ನೆಯಾಗಿರುವಷ್ಟೇ ಮಕ್ಕಳ ಕ್ಷೇಮದ ಪ್ರಶ್ನೆಯೂ ಆಗಿದೆ.

ಮೆಥನಾಲಿನ ಸೋದರ ಎಥನಾಲ್. ಕಬ್ಬಿನ ಕಾಕಂಬಿಯನ್ನು ಹುದುಗಿಸಿ ಭಟ್ಟಿಯಿಳಿಸಿದರೆ ಬರುವುದು ಇದೇ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ಸ್ಥಾಪಿತವಾದಂದಿನಿಂದ ಕಾಕಂಬಿ ನಮಗೆ ಪರಿಚಿತ. ಮದ್ಯಸಾರವನ್ನು ಮೋಟಾರಿನ ಇಂಧನಕ್ಕೆ ಬೆರೆಸುವ ಬಗ್ಗೆ ಕೇಂದ್ರ ಸರಕಾರವು 1948ರಲ್ಲಿಯೇ ಕಾನೂನು ಮಾಡಿತ್ತು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಸೇರಿತು. ಹಾಗಾದರೆ ಮಾದರಿ ವಿಮಾನದಲ್ಲಿಯೂ ಅದನ್ನೇ ಏಕೆ ಸುರಿಯಬಾರದು? ಸುರಿಯಬಹುದು, ಆದರೆ ಅಷ್ಟು ಸಲೀಸಲ್ಲ. ಒಂದು ಪಾಲು ಮೆಥನಾಲ್ ಉರಿಯಲು ತೂಕದಲ್ಲಿ ಸುಮಾರು ಆರೂವರೆ ಪಾಲು ಗಾಳಿ ಬೇಕು. ಎಥನಾಲಿಗೆ 9 ಪಾಲು, ಪೆಟ್ರೋಲಿಗೆ ಸುಮಾರು 15 ಪಾಲು ಬೇಕು. ಆದುದರಿಂದ ಇಂಧನದ ಸೂಜಿಕವಾಟವನ್ನು ಹೊಸದಾಗಿ ಹದಗೊಳಿಸಬೇಕು. ಅದಕ್ಕೆ ಪ್ರತಿಫಲವಾಗಿ ಅದೇ ಡಬ್ಬಿಯಲ್ಲಿ ವಿಮಾನ ಹೆಚ್ಚು ಹೊತ್ತು ಹಾರುವುದು. ಪ್ಲಾಟಿನಂ ತಂತಿಗೆ ಮೆಥನಾಲಿನೊಡನೆ ಇರುವ ಸಲಿಗೆ ಎಥನಾಲಿನೊಡನೆ ಇಲ್ಲವಾದ್ದರಿಂದ ಇಂಜಿನು ಹೊತ್ತಿಕೊಳ್ಳುವುದು ತಡ. ಮಳೆಗಾಲದ ಗಾಳಿಯಿಂದ ಎಥನಾಲ್ ನೀರನ್ನು ಹೀರುತ್ತದೆ. ನೀರು ಹೆಚ್ಚಾದಷ್ಟೂ ಹರಳೆಣ್ಣೆ ಬೇರ್ಪಡುತ್ತದೆ. ಇವು ತೊಡಕುಗಳು ನಿಜ. ಆದರೆ ತೊಡಕುಗಳನ್ನು ಅಳೆದು ಬಿಡಿಸುವುದಕ್ಕೇ ಅಲ್ಲವೇ ವಿದ್ಯೆ ಇರುವುದು?

ಇದಕ್ಕಿಂತ ಕುತೂಹಲಕರವಾದದ್ದು ಮಾದರಿ ಡೀಸೆಲ್ ಇಂಜಿನು. ಇದಕ್ಕೆ ಕೆಂಡದ ತಂತಿಯೂ ಬೇಡ, ಬ್ಯಾಟರಿಯೂ ಬೇಡ. ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖವೇ ಕಿಡಿ. ಎರಡನೆಯ ಮಹಾಯುದ್ಧದ ಅನಂತರ ಯೂರೋಪಿನಲ್ಲಿ ಹಬ್ಬಿದ ಈ ಜಾತಿಯ ಇಂಜಿನುಗಳನ್ನು ನಮ್ಮ ದೇಶದ ಕಲ್ಕತ್ತೆಯಲ್ಲಿಯೂ ಅರೋರಾ ಎಂಬ ಹೆಸರಿನಿಂದ ತಯಾರಿಸಿದ್ದುಂಟು. ಇದರ ಇಂಧನದ ಹಳೆಯ ಪಾಕವೆಂದರೆ ಈಥರ್, ಸೀಮೆಯೆಣ್ಣೆ, ಹರಳೆಣ್ಣೆ, ಮೂರೂ ಸಮಸಮ. ಈಥರ್ ಸ್ವಲ್ಪ ಶಾಖಕ್ಕೇ ತಾನಾಗಿ ಹೊತ್ತಿಕೊಂಡು ಉಳಿದುದನ್ನು ಹೊತ್ತಿಸುತ್ತದೆ. ಸೀಮೆಯೆಣ್ಣೆ ಬಲ ಕೊಡುತ್ತದೆ. ಹರಳೆಣ್ಣೆ ಸವೆತ ತಡೆಯುತ್ತದೆ. ಈಥರನ್ನು ತಯಾರಿಸುವುದು ಎಥನಾಲಿನಿಂದ. ಸೀಮೆಯೆಣ್ಣೆಯ ಸ್ಥಾನದಲ್ಲಿ ಗಿಡದ ಎಣ್ಣೆಯಿಂದಾದ ಜೈವಿಕ ಡೀಸೆಲನ್ನು ಹಾಕಿದರೆ? ಆಗ ಕಬ್ಬು, ಹೊಂಗೆ, ಹರಳು ಎಂಬ ಮೂರು ಸಸ್ಯಗಳಿಂದಲೇ ಡಬ್ಬಿ ತುಂಬುತ್ತದೆ; ನೆಲದೊಳಗಿನ ತೈಲದ ಒಂದು ಹನಿಯೂ ಬೇಕಾಗುವುದಿಲ್ಲ. ಇದು ಕನಸಿನ ಮಾತಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಇಂಜಿನು ಕಡಲೆಕಾಯಿ ಎಣ್ಣೆಯಿಂದ ಓಡಿದ್ದು ಚರಿತ್ರೆಗೆ ಸೇರಿದ ಸಂಗತಿ.

ಹೊಂಗೆಯ ವಿಚಾರದಲ್ಲಿ ಕರ್ನಾಟಕಕ್ಕೆ ಕಲಿಸಬೇಕಾದವರಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ಈ ಶತಮಾನದ ಆರಂಭದಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಇಂಜಿನುಗಳನ್ನು ನಡೆಸಬಹುದೆಂದು ತೋರಿಸಿ ಹಳ್ಳಿಗಳಿಗೂ ಕಾರ್ಖಾನೆಗಳಿಗೂ ಆ ಮಾತನ್ನು ಮುಟ್ಟಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಹಾಸನದ ಹತ್ತಿರದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ನಡೆಸಿತು. ಸರಕಾರದವರು ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಚೆಲುವಾದ ಹೆಸರುಗಳಲ್ಲಿ ಗಿಡ ನೆಡಿಸಿದರು. ಇಷ್ಟಾಗಿಯೂ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಬೀದಿಗಳ ಹೊಂಗೆ ಮರಗಳಿಂದ ಉದುರುವ ಕಾಯಿ ಕಸದ ಗಾಡಿಗೆ ಹೋಗುತ್ತದೆ. ಒಣಗಿದ ಬೀಜದ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆ! ನಾವು ನೆರಳಿಗೆ ನಿಲ್ಲುವ ಮರವೇ ನಮ್ಮ ಕಾಲಬುಡದಲ್ಲಿ ಇಂಧನವನ್ನು ಚೆಲ್ಲುತ್ತಿದೆ. ನಾವು ಅದನ್ನು ಗುಡಿಸಿ ಎಸೆಯುತ್ತಿದ್ದೇವೆ.

ಎಣ್ಣೆಯನ್ನು ಹಾಗೆಯೇ ಚಿಕ್ಕ ಇಂಜಿನಿಗೆ ಸುರಿಯಲಾಗದು. ಅದು ಡೀಸೆಲಿಗಿಂತ ಬಹಳ ಮಂದ. ಕ್ಷಾರದ ಸಹಾಯದಿಂದ ಮದ್ಯಸಾರದೊಡನೆ ಕೂಡಿಸಿ ಗ್ಲಿಸರಿನನ್ನು ಬೇರ್ಪಡಿಸಿದರೆ ತೆಳುವಾದ ಜೈವಿಕ ಡೀಸೆಲ್ ಆಗುತ್ತದೆ. ಹೊಂಗೆ ಎಣ್ಣೆಯಲ್ಲಿ ಆಮ್ಲ ಹೆಚ್ಚಾಗಿದ್ದರೆ ಮೊದಲು ಅದನ್ನು ತಗ್ಗಿಸಬೇಕು. ಇಲ್ಲವಾದರೆ ಇಂಧನದ ಬದಲು ಸಾಬೂನು ಕೈಗೆ ಬರುವುದು. ಸಾಬೂನೆಂದರೆ ಪಶ್ಚಿಮ ಬೆಂಗಳೂರಿಗೆ ಹೇಳಿಕೊಡಬೇಕೆ? 1916ರಲ್ಲಿ ಮೈಸೂರು ಸಂಸ್ಥಾನವು ಹುಟ್ಟಿಸಿದ ಸಾಬೂನಿನ ಉದ್ಯಮವು ರಾಜಾಜಿನಗರದಲ್ಲಿಯೇ ಬೆಳೆದುನಿಂತಿದೆ. ಎಣ್ಣೆಯೊಡನೆ ಕ್ಷಾರವು ವರ್ತಿಸುವ ಬಗೆಯನ್ನು ಬಲ್ಲ ಊರಿದು. ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ಲೇತು ತಿರುಗಿಸುವ ಕುಶಲಕರ್ಮಿಗಳಿದ್ದಾರೆ. ಮೈಸೂರು ರಸ್ತೆಯ ರಾಷ್ಟ್ರೀಯ ವಿದ್ಯಾಲಯದ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಭಾರ ಹೊರುವ ಮಾದರಿ ವಿಮಾನಗಳನ್ನು ಕಟ್ಟಿ ಅಮೆರಿಕದ ಸ್ಪರ್ಧೆಗಳಿಗೆ ಒಯ್ದಿದ್ದಾರೆ. ಮರವೂ, ರಸಾಯನವೂ, ಕಸುಬೂ, ವಿದ್ಯೆಯೂ ಕೆಲವೇ ಮೈಲಿಗಳ ಅಂತರದಲ್ಲಿವೆ.

ಈಗಿನ ಮಾದರಿ ವಿಮಾನಗಳೆಲ್ಲ ವಿದ್ಯುತ್ತಿನಿಂದ ಹಾರುತ್ತಿರುವಾಗ ಎಣ್ಣೆಯ ಇಂಜಿನಿನ ಗೊಡವೆ ಏಕೆಂದು ಆಕ್ಷೇಪಿಸಬಹುದು. ವಿದ್ಯುತ್ತು ಮೌನವಾದದ್ದು, ಚೊಕ್ಕಟವಾದದ್ದು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಬ್ಯಾಟರಿಯ ಲಿಥಿಯಂ ಕೂಡ ಹೊರಗಿನದೇ. ಕೊಂಡು ತಂದು ಜೋಡಿಸಿದ ಬ್ಯಾಟರಿಯಿಂದ ಹುಡುಗನು ಹಾರಿಸುವುದನ್ನು ಕಲಿಯುತ್ತಾನೆ. ಬೀಜದಿಂದ ಎಣ್ಣೆ ತೆಗೆದು, ಇಂಧನ ಮಾಡಿ, ಸುತ್ತುಗಳನ್ನು ಎಣಿಸಿ, ಸವೆತವನ್ನು ಅಳೆದವನು ಮಾಡುವುದನ್ನು ಕಲಿಯುತ್ತಾನೆ. ಈ ನಾಡಿಗೆ ಬೇಕಾದವನು ಎರಡನೆಯವನು. ಕಬ್ಬಿನ ಇಂಧನಕ್ಕಾಗಿ ಕಾವೇರಿಯ ನೀರನ್ನು ಬಸಿಯುವುದು ತರವೇ ಎಂಬುದು ಇನ್ನೊಂದು ಆಕ್ಷೇಪ. ಅದು ನ್ಯಾಯವಾದದ್ದು. ಅನ್ನದ ಭೂಮಿಯನ್ನೂ ಕುಡಿಯುವ ನೀರನ್ನೂ ಕಸಿದು ತುಂಬಿಸುವ ಡಬ್ಬಿ ನಮಗೆ ಬೇಡ. ಹೊಂಗೆ, ಹರಳುಗಳಿಗೆ ಆ ದೋಷವಿಲ್ಲ; ಅವು ಒಣನೆಲದ ಕೂಸುಗಳು. ಎಥನಾಲೂ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯದಾದರೆ ಸಾಕು.

ಆಗಬೇಕಾದುದು ಇಷ್ಟು. ಹೊಂಗೆ ಕಾಯಿ ಉದುರುವ ಕಾಲದಲ್ಲಿ, 2025ರಲ್ಲಿ ರಚಿತವಾದ ಬೆಂಗಳೂರು ಪಶ್ಚಿಮ ನಗರ ಪಾಲಿಕೆಯವರು ಅದನ್ನು ಕಸದಿಂದ ಬೇರ್ಪಡಿಸಿ ಕಾಲೇಜುಗಳಿಗೆ ಕೊಡಲಿ. ಅಬಕಾರಿ ಇಲಾಖೆಯವರು ಕುಡಿಯಲಾಗದಂತೆ ಮಾಡಿದ ಎಥನಾಲನ್ನು, ಅಧ್ಯಾಪಕರ ಹೊಣೆಯಲ್ಲಿ, ಲೆಕ್ಕವಿಟ್ಟು, ಸ್ವಲ್ಪ ಪ್ರಮಾಣದಲ್ಲಿ ಒದಗಿಸಲಿ. ರಾಜ್ಯದ ಜೈವಿಕ ಇಂಧನ ಮಂಡಳಿಯು ಈ ಮೂರು ಸಸ್ಯಗಳ ಪಾಕದ ಪರೀಕ್ಷೆಗೆ ಒಂದು ಬಹುಮಾನವನ್ನು ಇಡಲಿ. ಬಲ, ಶಾಖ, ಖರ್ಚು, ಕಿಟ್ಟ ಇವುಗಳ ಅಂಕಿಗಳನ್ನು ಕನ್ನಡದಲ್ಲಿ ಪ್ರಕಟಿಸಲಿ. ಮಾದರಿ ವಿಮಾನ ಹಾರಿಸುವುದಕ್ಕೆ ನಿಯಮಕ್ಕೆ ಒಳಪಟ್ಟ ಒಂದು ಬಯಲನ್ನು ಕೆಂಗೇರಿಯ ಕಡೆ ಕಾದಿರಿಸಲಿ. ನಿವೇಶನಗಳ ಆಸೆ ಇನ್ನೂ ಬಿಟ್ಟಿರುವ ಬಯಲುಗಳು ಹೆಚ್ಚು ದಿನ ಉಳಿಯುವುದಿಲ್ಲ. ಈಥರ್ ತಯಾರಿಕೆಯಾಗಲಿ ಮೆಥನಾಲಿನ ಬಳಕೆಯಾಗಲಿ ಪ್ರಯೋಗಶಾಲೆಯ ಹೊರಗೆ, ಹಿರಿಯರ ಕಣ್ಣಿನ ಹೊರಗೆ ನಡೆಯಕೂಡದೆಂಬುದನ್ನು ನಾವು ಒತ್ತಿ ಹೇಳುತ್ತೇವೆ. ಈಥರಿನ ಆವಿ ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಮನೆಯ ಅಡುಗೆಮನೆ ಅದಕ್ಕೆ ಸ್ಥಳವಲ್ಲ.

ಒಂದು ಡಬ್ಬಿ ಇಂಧನದಿಂದ ದೇಶದ ಆಮದಿನ ಲೆಕ್ಕ ಬದಲಾಗುವುದಿಲ್ಲವೆಂಬುದು ನಮಗೂ ಗೊತ್ತು. ಆದರೆ ತನ್ನ ಬೀದಿಯ ಮರದ ಬೀಜದಿಂದ ತನ್ನ ವಿಮಾನವನ್ನು ಹಾರಿಸಿದ ಹುಡುಗನು ನಾಳೆ ಬಸ್ಸಿನ, ಪಂಪಿನ, ದೊಡ್ಡ ವಿಮಾನದ ಇಂಧನದ ಮುಂದೆ ಅಂಜಿ ನಿಲ್ಲುವವನಲ್ಲ. ಅಂಥ ಹತ್ತು ಹುಡುಗರೂ ಹುಡುಗಿಯರೂ ಈ ಬಡಾವಣೆಗಳಿಂದ ಹೊರಟರೆ ಹಿರಿಯರು ಪಟ್ಟ ಶ್ರಮಕ್ಕೆ ಅದೇ ಫಲ. ಬರುವ ವರ್ಷ ಹೊಂಗೆಯ ಕಾಯಿ ಉದುರುವ ಮೊದಲು ಸಂಬಂಧಪಟ್ಟವರು ಈ ಮಾತಿಗೆ ಲಕ್ಷ್ಯ ಕೊಡುವರೆಂದು ಆಶಿಸುತ್ತೇವೆ.