ರಕ್ಷಾವಿಧಾನದ ಪುನರ್ವಿಮರ್ಶೆ: ಚಿತ್ರದುರ್ಗದ ನಾಯಕರ ನಿದರ್ಶನ

ರಾಜ್ಯವು ತನ್ನ ಸೈನ್ಯ, ದುರ್ಗ, ಕೋಶ, ಮಿತ್ರರ ಬಲಾಬಲವನ್ನು ಕಾಲಕಾಲಕ್ಕೆ ಪರಿಶೀಲಿಸಿ, ಭಯವು ಯಾವ ದಿಕ್ಕಿನಿಂದ, ವ್ಯಯವು ಮೊದಲು ಯಾವುದಕ್ಕೆ ಎಂಬುದನ್ನು ನಿರ್ಣಯಿಸಿಕೊಳ್ಳುವ ಪದ್ಧತಿಯು ಈಚಿನದೆಂದು ಭಾವಿಸುವವರುಂಟು. ಭಾರತ ಸರ್ಕಾರವು ೧೯೯೯ರ ಕಾರ್ಗಿಲ್ ಯುದ್ಧಾನಂತರ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದುದೂ, ೨೦೦೧ರಲ್ಲಿ ಮಂತ್ರಿಗಳ ಮಂಡಲಿಯು ಮೂರು ಪಡೆಗಳ ವಿಷಯದಲ್ಲಿ ಸರ್ಕಾರಕ್ಕೆ ಆಲೋಚನೆ ಹೇಳುವ ಒಬ್ಬ ಮುಖ್ಯಸ್ಥನಿರಬೇಕೆಂದು ಸೂಚಿಸಿದುದೂ, ಆ ಪದವಿಯು ೨೦೨೦ರ ಜನವರಿಯಲ್ಲಿ ಕಾರ್ಯರೂಪಕ್ಕೆ ಬಂದುದೂ ಸರ್ವವಿದಿತವಾಗಿವೆ. ಆದರೆ ಇದರ ಮೂಲತತ್ತ್ವವು ಬಹು ಪ್ರಾಚೀನವಾದುದು.

ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅರಸನ ಹಗಲನ್ನು ಎಂಟು ಭಾಗಗಳಾಗಿ ವಿಂಗಡಿಸಿದೆ. ಮೊದಲನೆಯ ಭಾಗದಲ್ಲಿ ಅವನು ರಕ್ಷಾವಿಧಾನವನ್ನೂ ಆಯವ್ಯಯವನ್ನೂ ಒಟ್ಟಿಗೆ ಕೇಳಬೇಕು. ಏಳನೆಯದರಲ್ಲಿ ಆನೆ, ಕುದುರೆ, ರಥ, ಆಯುಧಿಗಳನ್ನು ನೋಡಬೇಕು. ಎಂಟನೆಯದರಲ್ಲಿ ಸೇನಾಪತಿಯೊಡನೆ ವಿಕ್ರಮವನ್ನು ಚಿಂತಿಸಬೇಕು. ದುರ್ಗದಲ್ಲಿ ಧಾನ್ಯ, ತೈಲ, ಆಯುಧಾದಿಗಳನ್ನು ಅನೇಕ ವರ್ಷಗಳಿಗೆ ಸಾಲುವಂತೆ ಕೂಡಿಟ್ಟು, ಹಳೆಯದನ್ನು ತೆಗೆದು ಹೊಸದನ್ನು ತುಂಬುತ್ತಿರಬೇಕೆಂದೂ ವಿಧಿಯಿದೆ. ಪುನರ್ವಿಮರ್ಶೆಯೆಂಬುದರ ಸಾರವೇ ಇದು.

ಈ ತತ್ತ್ವವು ನೆಲದ ಮೇಲೆಯೇ ಬರೆದಂತೆ ಕಾಣುವುದು ಚಿತ್ರದುರ್ಗದ ಸೀಮೆಯಲ್ಲಿ. ವಂಶದ ಮೂಲಪುರುಷನಾದ ತಿಮ್ಮಣ್ಣನಾಯಕನು ವಿಜಯನಗರದ ಆಶ್ರಯದಲ್ಲಿ ಮೊದಲು ಹೊಳಲ್ಕೆರೆಗೂ, ಬಳಿಕ ವೇದಾವತಿಯ ದಡದ ಹಿರಿಯೂರಿಗೂ, ಕಡೆಗೆ ಚಿತ್ರದುರ್ಗಕ್ಕೂ ನಾಯಕನಾದನು. ಮನುವು ಗಿರಿದುರ್ಗವನ್ನೇ ಶ್ರೇಷ್ಠವೆಂದು ಎಣಿಸಿದುದನ್ನು ಸ್ಮರಿಸಿದರೆ ಈ ಕಡೆಯ ನೆಲೆಯ ಮಹತ್ತ್ವವು ತಿಳಿಯುವುದು. ೧೬೭೫ರಲ್ಲಿ ಚಿಕ್ಕಣ್ಣನಾಯಕನು ಹೊಸದುರ್ಗದ ಬೆಟ್ಟದ ಮೇಲೆ ಕೋಟೆಯನ್ನು ಕಟ್ಟಿಸಿದನು. ಸಿರಾದ ಅಧಿಕಾರಕ್ಕೆ ಒಳಪಟ್ಟಿದ್ದ ಬಾಗೂರನ್ನು ಎದುರಿಸುವುದೇ ಅದರ ಉದ್ದೇಶವಾಗಿತ್ತು. ಭಯದ ದಿಕ್ಕು ಬದಲಾದಂತೆ ಕೋಟೆಯ ಸ್ಥಾನವೂ ಬದಲಾಯಿತು.

ಚಿತ್ರದುರ್ಗದ ಏಳುಸುತ್ತಿನ ಕೋಟೆಯೂ ಒಂದೇ ಕಾಲದ ಕೃತಿಯಲ್ಲ. ತಲೆಮಾರಿನಿಂದ ತಲೆಮಾರಿಗೆ ಬೆಳೆದು ಬಂದುದು. ನೇರವಾಗಿ ನುಗ್ಗಲಾಗದಂತೆ ತಿರುವುಗೊಂಡ ಬಾಗಿಲುಗಳು, ಮಳೆಯ ನೀರನ್ನು ಹಿಡಿದಿಡುವ ಹೊಂಡಗಳು, ಧಾನ್ಯದ ಕಣಜಗಳು, ಎಣ್ಣೆಯ ಕೊಳಗಳು, ಮದ್ದು ಅರೆಯುವ ಬೃಹತ್ ಕಲ್ಲುಗಳು ಇಂದಿಗೂ ಉಳಿದಿವೆ. ಮದ್ದಿನ ಕಲ್ಲುಗಳು ವಿಶೇಷವಾಗಿ ಗಮನಾರ್ಹ. ಬಿಲ್ಲುಬಾಣಗಳ ಕಾಲವು ಕಳೆದು ಫಿರಂಗಿಯ ಕಾಲವು ಬಂದುದನ್ನು ನಾಯಕರು ಅರಿತು ವ್ಯಯದ ಕ್ರಮವನ್ನು ತಿದ್ದಿಕೊಂಡರೆಂಬುದಕ್ಕೆ ಅವು ಸಾಕ್ಷಿ.

ಹೀಗಿದ್ದೂ ದುರ್ಗವು ಬಿದ್ದಿತು. ಕಡೆಯ ಮದಕರಿನಾಯಕನು ೧೭೬೩ರಲ್ಲಿ ಬಿದನೂರಿನ ಮೇಲಣ ದಂಡಯಾತ್ರೆಯಲ್ಲಿ ಹೈದರಲಿಯೊಡನೆ ಇದ್ದನು. ೧೭೭೦ರಲ್ಲಿ ನಿಜಗಲ್ಲಿನ ಮುತ್ತಿಗೆಯಲ್ಲಿ ಪೇಶ್ವೆ ಮಾಧವರಾಯನ ಪಕ್ಷದಲ್ಲಿ ಹೋರಾಡಿದನು. ಇಬ್ಬರು ಪ್ರಬಲರ ನಡುವಣ ಸಣ್ಣ ರಾಜ್ಯಕ್ಕೆ ಈ ಮಾರ್ಗವು ಅನಿವಾರ್ಯವಾಗಿರಬಹುದು. ಆದರೆ ಅದರಿಂದ ಸ್ಥಿರಮಿತ್ರನು ದೊರೆಯಲಿಲ್ಲ. ೧೭೭೭ರಲ್ಲಿ ಹೈದರನು ಮುತ್ತಿದಾಗ ಮರಾಠರ ಸೈನ್ಯವು ಸಮೀಪಿಸಿದುದರಿಂದ ಮುತ್ತಿಗೆಯು ತೆರವಾಯಿತು. ೧೭೭೯ರಲ್ಲಿ ಅವನು ಮರಳಿ ಬಂದಾಗ ಹೊರಗಿನ ನೆರವು ಒದಗಲಿಲ್ಲ. ಒಳಗಿನ ಕೆಲವು ಅಧಿಕಾರಿಗಳು ಶತ್ರುವಿನ ಕಡೆಗೆ ತಿರುಗಿದರು. ನಾಯಕನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟನು. ದುರ್ಗದ ಬೇಡರು ಸಾವಿರಾರು ಮಂದಿ ನೆಲೆಯನ್ನು ಕಳೆದುಕೊಂಡರು.

ಕೌಟಿಲ್ಯನು ಇದನ್ನೇ ಎಚ್ಚರಿಸಿದ್ದನು. ದುರ್ಗದ ಸೈನ್ಯಕ್ಕೆ ಅನೇಕ ಮುಖ್ಯರಿರಲಿ; ಅವರು ಪರಸ್ಪರ ಭಯದಿಂದ ಶತ್ರುವಿನ ಉಪಜಾಪಕ್ಕೆ ಒಳಗಾಗರು ಎಂಬುದು ಅವನ ಮತ. ಕಲ್ಲು, ನೀರು, ಮದ್ದುಗಳ ಲೆಕ್ಕವನ್ನು ತಪ್ಪದೆ ನೋಡಿದ ರಾಜ್ಯವು ಮಿತ್ರರ ಮತ್ತು ಭೃತ್ಯರ ಮನಸ್ಸಿನ ಲೆಕ್ಕದಲ್ಲಿ ಸೋತಿತು. ಕಾವಲಿನವನ ಹೆಂಡತಿಯಾದ ಓಬವ್ವನು ಕಿಂಡಿಯಲ್ಲಿ ನುಸುಳಿದವರನ್ನು ಒನಕೆಯಿಂದ ಕೆಡವಿದಳೆಂಬ ಜನಪ್ರತೀತಿಯೂ ಇಲ್ಲಿ ಅರ್ಥವತ್ತಾಗಿದೆ. ವ್ಯವಸ್ಥೆಯು ಗಮನಿಸದ ರಂಧ್ರವನ್ನು ನಿಷ್ಠೆಯು ಮುಚ್ಚಿತು.

ಸಪ್ತಾಂಗಗಳಲ್ಲಿ ದುರ್ಗವು ಒಂದಂಗ ಮಾತ್ರ. ಅಮಾತ್ಯರೂ ಮಿತ್ರರೂ ಅಂಗಗಳೇ. ಉಳಿದವುಗಳನ್ನು ಬಿಟ್ಟು ಒಂದನ್ನೇ ಪರೀಕ್ಷಿಸುವ ವಿಮರ್ಶೆಯು, ಎಷ್ಟು ಸಲ ನಡೆದರೂ, ಅಪೂರ್ಣವೆಂಬುದನ್ನು ಚಿತ್ರದುರ್ಗದ ಬಂಡೆಗಳು ಇಂದಿಗೂ ಸಾರುತ್ತಿವೆ.